ಏಳನೆಯ ಬಾಗಿಲಿಗೆ ಒಂದು ಲೋಟ ಕಾಫಿ

ಬಾವಿಯ ಅಡಿಯಲ್ಲಿ ಏಳು ಬಾಗಿಲುಗಳಿದ್ದವು. ಕೈಜಾರಿ ಬಿದ್ದ ತಾಮ್ರದ ಕೊಡಪಾನವನ್ನು ಹುಡುಕುತ್ತ ಹುಡುಗಿ ಒಂದೊಂದೇ ಬಾಗಿಲು ದಾಟಿ ಹೋದಳು. ಆರನೆಯದು ಮುಗಿಯಿತು. ಏಳನೆಯದರ ಚಿಲಕಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ನನ್ನ ಅಜ್ಜಿ ಕಾಫಿಯ ಲೋಟ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಹಿತ್ತಲಿನ ಕಡೆ ಓಡಿದಳು.

ಕಥೆ ಅಲ್ಲಿಗೇ ನಿಂತಿತು. ಎಂಬತ್ತೆರಡನೇ ಇಸವಿಯ ಡಿಸೆಂಬರಿನಲ್ಲಿ ನಿಂತದ್ದು ಫೆಬ್ರವರಿ ಬಂದರೂ ಮುಂದೆ ಹೋಗಲಿಲ್ಲ. ಏಪ್ರಿಲಿನಲ್ಲಿ ನನ್ನ ಮದುವೆ. ಮದುವೆಯಾದ ವಾರಕ್ಕೆ ಬೊಂಬಾಯಿಗೆ ಹೊರಡಬೇಕು. ಮನೆ ಬಿಟ್ಟು ಹೋಗುವ ಹುಡುಗಿಗೆಂದೇ ಎತ್ತಿಟ್ಟ ಕಥೆ ಅದು, ಅಮ್ಮನಿಗೂ ಮದುವೆಯ ಮೊದಲೇ ಹೇಳಿದ್ದಂತೆ. "ಅಮ್ಮಾ, ಏಳನೆಯ ಬಾಗಿಲಿನ ಹಿಂದೆ ಎಂತ ಇತ್ತು?" ಎಂದು ಕೇಳಿದರೆ ಅಮ್ಮ, "ನನಗೆಲ್ಲಿ ನೆನಪುಂಟು? ಆ ಹೊತ್ತಿಗೆ ನಿದ್ದೆ ಬಂದಿತ್ತು" ಎಂದುಬಿಟ್ಟಳು. ಇಂಥ ಅಮ್ಮನ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ!

ನಾನು ಕೆಲಸ ಮಾಡುತ್ತಿದ್ದ ಬಲ್ಮಠದ ಆಫೀಸಿನ ಹತ್ತಿರವೇ ಡಾಕ್ಟರ್ ಚಿತ್ತರಂಜನರ ಕ್ಲಿನಿಕ್ಕು. ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ.

"ಹಾಲಿನಲ್ಲಿ ಲ್ಯಾಕ್ಟೋಸ್ ಅಂತ ಒಂದು ಸಕ್ಕರೆ ಉಂಟು ಅಕ್ಕಮ್ಮ. ಅದು ನಿಮಗೆ ಜೀರ್ಣ ಆಗುವುದಿಲ್ಲ. ಹಾಲು ಬಿಡಬೇಕು" ಎಂದರು ಡಾಕ್ಟರು. ಅಜ್ಜಿಯ ಹೆಸರು ಅಕ್ಕು. ಡಾಕ್ಟರ ಬಾಯಲ್ಲಿ ಅದು ಅಕ್ಕಮ್ಮ ಆಗಿತ್ತು.

"ಎಪ್ಪತ್ತು ವರ್ಷ ಜೀರ್ಣ ಆಯ್ತಲ್ಲ ಡಾಕ್ಟ್ರೇ? ಈಗ ಅದಕ್ಕೆ ಎಂತ ಬಂತು?"

"ಪ್ರಾಯ ಆದ ಮೇಲೆ ಕೆಲವರಿಗೆ ಹಾಗೆ. ಸಕ್ಕರೆ ಕಾಯಿಲೆಯೂ ಉಂಟಲ್ಲ, ಬೆಲ್ಲವೂ ಬೇಡ. ಕಪ್ಪು ಕಾಫಿ ಕುಡಿಯಿರಿ."

ಅಜ್ಜಿ ಎದ್ದು ನಿಂತಳು. "ಬೆಲ್ಲ ಬಿಟ್ಟು ಮೂರು ವರ್ಷ ಆಯ್ತು, ಮಾತಾಡಿದೆನಾ? ಕಪ್ಪು ಕಾಫಿ ಸಾವಿನ ಮನೆಯದ್ದು. ನಾನು ಸತ್ತ ದಿವಸ ನೀವೆಲ್ಲ ಸೇರಿ ಕುಡಿಯಿರಿ. ನನಗೆ ಬಿಳಿ ಬೇಕು."

ಮನೆಗೆ ಬಂದವಳೇ ಚಾವಡಿಯಲ್ಲಿ ಗೋಡೆಗೆ ಒರಗಿ ಕುಳಿತು ಘೋಷಿಸಿದಳು: "ಕಾಫಿ ಇಲ್ಲದೆ ನನ್ನ ನಾಲಿಗೆ ತಿರುಗುವುದಿಲ್ಲ. ಕಥೆ ಕೇಳ್ಬೇಡ."

ಹಾಲಲ್ಲದ ಹಾಲು, ಅದೂ ಸಿಹಿಯಿಲ್ಲದ್ದು. ನಾನು ಹುಡುಕಲು ಹೊರಟದ್ದು ಇದನ್ನು. ಬಾವಿಯ ಹುಡುಗಿಗಾದರೂ ಹುಡುಕುವುದು ಕೊಡಪಾನವೆಂದು ಗೊತ್ತಿತ್ತು.

ಮೊದಲು ತೆಂಗಿನಹಾಲು. ಕಾಯಿ ತುರಿದು, ಅರೆದು, ಹಿಂಡಿ ಇಟ್ಟು ಸ್ನಾನಕ್ಕೆ ಹೋದೆ. ಬಂದು ರುಚಿ ನೋಡಿದರೆ ಸಿಹಿ!

"ಅಮ್ಮಾ, ಇದಕ್ಕೆ ಬೆಲ್ಲ ಹಾಕಿದ್ದು ಯಾರು?"

"ಒಂದು ಚೂರು ಮಾರಾಯ್ತಿ. ಕಾಯಿಹಾಲಿಗೆ ಬೆಲ್ಲ ಹಾಕದೆ ಇಡುವುದುಂಟಾ? ಕೈ ಹಾಗೇ ಹೋಯ್ತು."

ನಮ್ಮ ಮನೆಯಲ್ಲಿ ಕಾಯಿಹಾಲು ಬೆಲ್ಲವಿಲ್ಲದೆ ಸೇಮಿಗೆಯ ತಟ್ಟೆಗೆ ಬಂದದ್ದೇ ಇಲ್ಲ, ನಿಜ. ಆದರೆ ಮರುದಿನವೂ ಅಮ್ಮನ ಕೈ ಹಾಗೇ ಹೋಯಿತು. ಮೂರನೆಯ ದಿನ ಬೆಲ್ಲದ ಡಬ್ಬವನ್ನು ನನ್ನ ಟ್ರಂಕಿನಲ್ಲಿ ಮದುವೆಯ ಸೀರೆಗಳ ಕೆಳಗಿಟ್ಟು ಬೀಗ ಹಾಕಿದೆ. ಕಾಫಿ ತಯಾರಾಯಿತು. ಬಿಸಿ ಡಿಕಾಕ್ಷನ್ ಬಿದ್ದೊಡನೆ ಎಣ್ಣೆ ಮೇಲೆ ತೇಲಿ ಕಣ್ಣು ಬಿಟ್ಟಿತು.

ಅಜ್ಜಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಎರಡು ಬಂಗುಡೆ ಮೀನು ಹಾಕಿ ಕೊಡು ಮಗಾ. ಅನ್ನಕ್ಕಾದರೂ ಆದೀತು."

ಆಮೇಲೆ ನೆಲಗಡಲೆ ಅರೆದೆ. ಹಸಿ ವಾಸನೆಗೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಕ್ಕಿ ಅರೆದು ಸೋಸಿ ಕೊಟ್ಟೆ. "ನನಗೆ ಜ್ವರ ಉಂಟಾ, ಗಂಜಿ ತಿಳಿ ಕೊಡ್ಲಿಕ್ಕೆ?" ಎಂದಳು. ನಾನು ಆಫೀಸಿಗೆ ತಡವಾಗಿ ಹೋಗುವುದು, ಬಸ್ಸಿನಲ್ಲಿ ಕುಳಿತು ಎಮ್ಮೆ ದನಗಳಿಲ್ಲದ ಊರಿನ ರಾಜಕುಮಾರಿ ಏನು ಕುಡಿಯುತ್ತಿದ್ದಳೆಂದು ಯೋಚಿಸುತ್ತ, ಸಂಜೆ ನಮ್ಮ ಮನೆಯಿರುವ ಕುಲಶೇಖರದಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟಾಪಿನಿಂದ ನಡೆದುಕೊಂಡು ಬರುವುದು, ಎಲ್ಲ ನಡೆದೇ ಇತ್ತು.

ಆಗ ಬಹ್ರೈನಿನಿಂದ ಮೋಹನದಾಸ್ ಮಾವ ಕಳಿಸಿದ ಡಬ್ಬ ಬಂತು. ಅಮ್ಮನ ತಮ್ಮ ಅವರು. ಕಾಫಿಗೆ ಹಾಕುವ ಬಿಳಿ ಪುಡಿ, ಹಾಲಿನದ್ದಲ್ಲ, ಅಲ್ಲಿ ಆಫೀಸಿನಲ್ಲೆಲ್ಲ ಇದನ್ನೇ ಹಾಕುತ್ತಾರೆ ಎಂದು ಪತ್ರದಲ್ಲಿ ಬರೆದಿದ್ದರು. ಅಜ್ಜಿ ಕುಡಿದಳು. ಮರುದಿನವೂ ಕುಡಿದಳು, ಲೋಟದ ತಳಕ್ಕೆ ಬೆರಳು ಹಾಕಿ ನೆಕ್ಕಿದಳು. ನಾಲ್ಕು ದಿನ ಯಾವ ತಕರಾರೂ ಇಲ್ಲದ್ದು ಕಂಡು ನನಗೇ ಭಯವಾಯಿತು. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಪೆಪ್ಪರಮಿಂಟಿನಷ್ಟು ಸಿಹಿ. ಡಬ್ಬ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಮೊದಲ ಹೆಸರೇ ಗ್ಲೂಕೋಸ್.

"ಅಜ್ಜೀ, ಇದು ಸಿಹಿ ಉಂಟು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ದರೆ ನೀನು ಕೊಡ್ತಿದ್ದಿಯಾ?"

ಆ ಡಬ್ಬವೂ ಟ್ರಂಕಿನೊಳಗೆ ಹೋಯಿತು.

ಕೊನೆಗೆ ದಾರಿ ತೋರಿಸಿದವಳು ಬದಿಮನೆಯ ಅಪೊಲೋನಿಯಾ ಬಾಯಿ. ಗೇರುಬೀಜದ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದವರೆಗೆ ಬೀಜ ಆರಿಸುವ ಕೆಲಸ ಅವಳದು. "ಹಾಲಾಗದಿದ್ದರೆ ಬೀಜ ಅರೆದು ನೋಡಿ. ತುಂಡು ಬೀಜ ನಮಗೆ ಕಡಿಮೆಗೆ ಸಿಗ್ತದೆ, ನಾನು ತರ್ತೇನೆ" ಎಂದು ಒಂದು ಕಾಗದದ ಪೊಟ್ಟಣ ಕೊಟ್ಟಳು. ಕೊಡುವಾಗ ನನ್ನ ಕೆನ್ನೆ ಸವರಿ, "ಮದುವೆಯ ಹೊತ್ತಿಗೆ ಎಲ್ಲ ಸರಿಯಾಗ್ತದೆ ಮಗಾ" ಎಂದಳು. ನನಗೆ ಅರ್ಥವಾಗಲಿಲ್ಲ. ನಾನು ಏನೋ ಯೋಚನೆಯಲ್ಲಿದ್ದೆ.

ಮೊದಲ ದಿನ ಬೀಜದ ಹಾಲನ್ನು ಒಲೆಯ ಮೇಲಿಟ್ಟು ಕುದಿಸಿದೆ. ಅದು ದಪ್ಪವಾಗಿ ಅಂಟಿನ ಹಾಗಾಯಿತು. "ಇದರಲ್ಲಿ ಲಗ್ನಪತ್ರಿಕೆಯ ಲಕೋಟೆ ಅಂಟಿಸಬಹುದು" ಎಂದಳು ಅಜ್ಜಿ. ಮರುದಿನ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ಅರೆದು, ಬಟ್ಟೆಯಲ್ಲಿ ಎರಡು ಸಲ ಸೋಸಿ, ಕುದಿಸದೆ ಬರಿದೇ ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನನ್ನು ನೂಲಿನಂತೆ ಸಣ್ಣಗೆ ಬಿಟ್ಟೆ. ಒಡೆಯಲಿಲ್ಲ. ಎಣ್ಣೆ ಬಿಡಲಿಲ್ಲ. ಬಣ್ಣವೂ ಕಾಫಿಯದ್ದೇ.

ಅಜ್ಜಿ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. "ಹ್ಞಾ. ಆದೀತು."

ನನ್ನ ಕಣ್ಣಲ್ಲಿ ನೀರು ಬಂತು. "ಸಂಜೆ ಕಥೆ?"

"ಸಂಜೆ ನೋಡುವ."

ಸಂಜೆ ಬಂದು ನೋಡಿದರೆ ಅಜ್ಜಿ ಮಂಚದ ಮೇಲೆ ಮುದುಡಿ ಮಲಗಿದ್ದಾಳೆ. ಹೊಟ್ಟೆ ಉಬ್ಬರ, ಗುಡುಗುಡು. ಮರುದಿನವೂ ಅದೇ. ಹತ್ತು ದಿನ ಅದೇ. ಬೀಜದ ಹಾಲೂ ಆಗುವುದಿಲ್ಲವೆಂದರೆ ಇನ್ನು ಯಾವುದರ ಹಾಲು? ಕಲ್ಲಿನದ್ದಾ? ಡಾಕ್ಟರು, "ಗೇರುಬೀಜದಲ್ಲಿ ಲ್ಯಾಕ್ಟೋಸ್ ಇಲ್ಲವಲ್ಲ! ಬೇರೆಲ್ಲೋ ಹಾಲು ಹೋಗ್ತಾ ಉಂಟು, ನೋಡಿ" ಎಂದರು. ನಾನು ಅಮ್ಮನ ಮೇಲೆ ಹಾರಾಡಿದೆ. ಅಮ್ಮ ದೇವರ ದೀಪ ಮುಟ್ಟಿ ಆಣೆ ಮಾಡಿದಳು.

ಒಂದು ಶನಿವಾರ ಆಫೀಸಿನಿಂದ ಮಧ್ಯಾಹ್ನವೇ ಬಂದೆ. ಅಜ್ಜಿ ಮನೆಯಲ್ಲಿಲ್ಲ. ಬದಿಮನೆಯಿಂದ ಅವಳ ದನಿ ಕೇಳಿಸುತ್ತಿತ್ತು, ಅದೂ ಕಥೆ ಹೇಳುವ ದನಿ. ಬಾಗಿಲಿಗೆ ಹೋಗಿ ನಿಂತೆ. ಅಪೊಲೋನಿಯಾ ಬಾಯಿಯ ಬೆಂಚಿನ ಮೇಲೆ ಅಜ್ಜಿ ಕಾಲು ಇಳಿಬಿಟ್ಟು ಕುಳಿತಿದ್ದಾಳೆ. ಕೈಯಲ್ಲಿ ಹಬೆಯಾಡುವ ಲೋಟ. ಅದರ ಮೇಲೆ ಕೆನೆ!

"ಅಜ್ಜೀ!"

"ಬಾ ಮಗಾ, ಬಾ" ಎಂದು ಎದ್ದವಳು ಅಪೊಲೋನಿಯಾ ಬಾಯಿ. "ನಿನ್ನ ಹೊಟ್ಟೆ ಈಗ ಹೇಗುಂಟು? ನಿನಗೆ ಹಾಲಿನ ಕಾಫಿ ಕೊಡುವ ಹಾಗಿಲ್ಲ, ಪಾಪ. ಬರೀ ನೀರು ಕೊಡಲಾ?"

"ನನ್ನ ಹೊಟ್ಟೆಯಾ?"

"ನಾಚಿಕೆ ಎಂತಕ್ಕೆ? ಅಜ್ಜಿ ಎಲ್ಲ ಹೇಳಿದ್ದಾರೆ. ನಿನಗೋಸ್ಕರ ನಾನು ಇಗರ್ಜಿಯಲ್ಲಿ ಎರಡು ಮೇಣದ ಬತ್ತಿ ಹಚ್ಚಿ ಬಂದೆ."

ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಗೋಡೆಯ ಕ್ಯಾಲೆಂಡರು ನೋಡಿದಳು.

"ಹೊಟ್ಟೆ ಕೆಟ್ಟದ್ದು ನನ್ನದಲ್ಲ ಬಾಯಿ, ಇವಳದ್ದು! ಡಾಕ್ಟರು ಹಾಲು ಬಿಡ್ಲಿಕ್ಕೆ ಹೇಳಿದ್ದು ಇವಳಿಗೆ!"

"ಅಯ್ಯೋ ದೇವಾ! ನಾನು ದಿನಾಲೂ ಲೋಟ ತುಂಬಾ ಕೊಟ್ಟೆನಲ್ಲ! ಬೇಡ ಅಂತ ಒಂದು ಮಾತು ಹೇಳ್ಬಾರದಿತ್ತಾ ಅಕ್ಕು?"

"ಹೇಗೆ ಹೇಳುವುದು?" ಅಜ್ಜಿಗೆ ಈಗ ಸಿಟ್ಟು ಬಂತು. "ಒಂದು ಮನೆಗೆ ಹೋಗಿ, ಅವರು ಒಲೆ ಉರಿಸಿ ಕೊಟ್ಟ ಕಾಫಿಯನ್ನು ಬೇಡ ಅನ್ನುವುದಾ? ಇಷ್ಟು ಪ್ರಾಯದಲ್ಲಿ ಅದೊಂದು ಕಲೀಬೇಕಾ? ನಿನಗೆ ನನ್ನ ಮೇಲೆ ಎಂತ ಕೋಪ ಅಂತ ಇವಳು ಕೇಳುವುದಿಲ್ಲವಾ?"

"ಸರಿ, ನಾಳೆಯಿಂದ ಬೀಜದ ಹಾಲು ಬಾಟಲಿಯಲ್ಲಿ ಹಾಕಿ ಕೊಡ್ತೇನೆ, ತೆಗೆದುಕೊಂಡು ಬಾ" ಎಂದೆ ನಾನು.

"ಭಿಕ್ಷೆಗೆ ಹೋದ ಹಾಗೆ ಬಾಟಲಿ ಹಿಡ್ಕೊಂಡು ಬರುವುದಾ? ನಾನಾ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಪೊಲೋನಿಯಾ ಬಾಯಿ ನಗುತ್ತ ಲೋಟವನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡಳು. "ದಿನಾ ಬೀಜ ಆರಿಸುವ ಕೈಗೆ ಅರೆಯಲಿಕ್ಕೆ ಎಂತ ಕಷ್ಟ? ನಾಳೆಯಿಂದ ನಮ್ಮ ಮನೆಯ ಕಾಫಿಯೇ ಬೀಜದ್ದು. ಈಗ ಬೇಡ ಹೇಳು, ನೋಡುವ!"

ಅಜ್ಜಿ ಬೇಡ ಎನ್ನಲಿಲ್ಲ. ಹೊರಡುವಾಗ ಅಪೊಲೋನಿಯಾ ಬಾಯಿ ನನ್ನ ಭುಜ ತಟ್ಟಿ, "ಕಥೆ ಏನು ಚಂದ ಹೇಳ್ತಾರೆ ಮಾರಾಯ್ತಿ! ನಿನ್ನೆ ಆ ಬಾವಿಯ ಹುಡುಗಿ ಏಳನೆಯ ಬಾಗಿಲು ತೆಗೆದಾಗ..." ಎಂದಳು.

ನಾನು ಎರಡೂ ಕಿವಿ ಮುಚ್ಚಿಕೊಂಡು ಮನೆಗೆ ಓಡಿದೆ.

ಮೂರು ದಿನ ಅಜ್ಜಿಯೊಡನೆ ಮಾತಾಡಲಿಲ್ಲ. ಹಾಲು ಮಾತ್ರ ಅರೆದುಕೊಟ್ಟೆ. ನಾಲ್ಕನೆಯ ಸಂಜೆ ಬಂದಾಗ ಅಜ್ಜಿ ಮಲಗಿರಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದಳು.

"ಹೊಟ್ಟೆ ತಣ್ಣಗುಂಟು. ಕಾಫಿ ಮಾಡು" ಎಂದಳು.

"ನಿನ್ನ ಕಥೆ ಬದಿಮನೆಯವರಿಗೆ ಹೇಳಿ ಆಯ್ತಲ್ಲ."

"ಅವಳಿಗೆ ಹೇಳಿದ್ದು ಹಾಲಿನ ಕಾಫಿಯ ಕಥೆ. ಅದರಲ್ಲಿ ರಾಜಕುಮಾರ ಬರ್ತಾನೆ. ನಿನ್ನದು ಬೇರೆ."

ಡಿಕಾಕ್ಷನನ್ನು ನೂಲಿನಂತೆ ಬಿಟ್ಟು, ಲೋಟ ತಂದು, ಅವಳ ಮುಂದೆ ಕುಳಿತೆ. ಅಜ್ಜಿ ಅರ್ಧ ಕುಡಿದು ಬಾಯಿ ಒರೆಸಿಕೊಂಡಳು.

"ಚಿಲಕ ತೆಗೆದಳು. ಒಳಗೆ ಒಬ್ಬಳು ಮುದುಕಿ, ಕೊಡಪಾನವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಇಷ್ಟು ದೂರ ಬಂದೆಯಾ ಮಗಳೇ, ಕೊಡಪಾನ ನಿನ್ನದೇ, ಕೊಡ್ತೇನೆ. ಮೊದಲು ನನಗೆ ಒಂದು ಲೋಟ ಕಾಫಿ ಮಾಡಿ ಕೊಡು, ಅಂತ ಹೇಳಿದಳು."

"ಬಾವಿಯ ಅಡಿಯಲ್ಲಿ ಕಾಫಿಯಾ? ಅಜ್ಜೀ, ಅದು ರಾಜರ ಕಾಲದ ಕಥೆ!"

"ಕಥೆ ಯಾರದ್ದು? ನಿನ್ನದಾ, ನನ್ನದಾ?"

"ಆಯ್ತು. ಮಾಡಿ ಕೊಟ್ಟಳಾ? ಕೊಡಪಾನ ಸಿಕ್ಕಿತಾ?"

ಅಜ್ಜಿ ಉಳಿದರ್ಧವನ್ನು ಒಂದೇ ಗುಟುಕಿಗೆ ಮುಗಿಸಿ ಖಾಲಿ ಲೋಟವನ್ನು ನನ್ನತ್ತ ಚಾಚಿದಳು.

"ನೀನು ಹೋಗಿ ಇನ್ನೊಂದು ಮಾಡಿಕೊಂಡು ಬಾ. ಮುದುಕಿ ಕುಡಿದು ನೋಡಿ ಹೇಳ್ತಾಳೆ."

ಪಾತ್ರೆಯಲ್ಲಿ ಹಾಲು ಮುಗಿದಿತ್ತು. ಶಪಿಸುತ್ತ, ನಾಳೆಗೆಂದು ನೆನೆಹಾಕಿದ್ದ ತುಂಡು ಬೀಜ ತೆಗೆದುಕೊಂಡು ಅರೆಯುವ ಕಲ್ಲಿನ ಮುಂದೆ ಕುಳಿತೆ.