ಇಪ್ಪತ್ತೊಂದು ಸೆಕೆಂಡ್

ಬಿ.ಎಚ್. ರಸ್ತೆ ಆ ಜಾಗದಲ್ಲಿ ಇಪ್ಪತ್ತನಾಲ್ಕು ಮೀಟರ್ ಅಗಲ. ಆಚೆ ಬದಿಗೆ ಹಿರಿಯರಿಗಾಗಿ ಸರ್ಕಾರ ಹೊಸದಾಗಿ ತೆರೆದ ಹಗಲು ಕೇಂದ್ರ, ಈಚೆ ಅಡ್ಡರಸ್ತೆಯಲ್ಲಿ ಕರಿಬಸವಯ್ಯನವರ ಮನೆ. ಲಕ್ವ ಹೊಡೆದು ಬಲಗಾಲು ಎಳೆಯುವ ಅವರ ಹೆಂಡತಿ ಸರ್ವಮಂಗಳಮ್ಮ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಅಲ್ಲಿಗೆ ಹೋಗಬೇಕು.

ಹೊಸ ಪಾದಚಾರಿ ಸಿಗ್ನಲ್‌ಗೆ ಎಷ್ಟು ಸೆಕೆಂಡ್ ಹಸಿರು ಕೊಡಬೇಕೆಂದು ಅಳೆಯಲು ಮಂಗಳವಾರ ಬೆಳಿಗ್ಗೆ ಇಂಜಿನಿಯರ್ ಗುರುಪ್ರಕಾಶ್ ಸ್ಟಾಪ್‌ವಾಚ್ ಹಿಡಿದು ಬಂದರು. ಅರವತ್ತು ದಾಟಿದ ಒಬ್ಬರು ಮೂರು ಸಲ ರಸ್ತೆ ದಾಟಬೇಕು. ಸರಾಸರಿಗೆ ಮೂರು ಸೆಕೆಂಡ್ ಕೂಡಿಸಿ ಸಿಗ್ನಲ್‌ಗೆ ತುಂಬಿದರೆ ಮತ್ತೆ ಒಂದು ವರ್ಷ ಬದಲಾಯಿಸುವಂತಿಲ್ಲ.

“ನಾನು ನಡೀತೀನಿ” ಎಂದು ಕರಿಬಸವಯ್ಯ ಮುಂದೆ ಬಂದರು. ವಯಸ್ಸು ಎಪ್ಪತ್ತನಾಲ್ಕು. ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು.

ಮೊದಲ ಸಲ ಹತ್ತೊಂಬತ್ತು ಸೆಕೆಂಡ್. ವಾಪಸ್ ಬಂದದ್ದು ಹದಿನೇಳರಲ್ಲಿ.

“ರೀ, ಇವತ್ತೇನು ಸ್ಪೋರ್ಟ್ಸ್ ಡೇನಾ?” ಫುಟ್‌ಪಾತಿನಲ್ಲಿ ಊರುಗೋಲು ಹಿಡಿದು ನಿಂತಿದ್ದ ಸರ್ವಮಂಗಳಮ್ಮ ಕೇಳಿದರು. “ನಿಧಾನಕ್ಕೆ ನಡೀರಿ. ನಾನೂ ಇದೇ ರೋಡ್ ದಾಟ್ಬೇಕು.”

“ವಾಚ್ ಹಿಡ್ಕೊಂಡೋರ ಮುಂದೆ ಕುಂಟೋಕಾಗುತ್ತೇನೇ? ನಿನ್ನ ನಾನು ಕರ್ಕೊಂಡು ಹೋಗ್ತೀನಿ ಬುಡು.”

“ಹೋದ್ ತಿಂಗ್ಳು ಕುಣಿಗಲ್ ಮದ್ವೆಗೆ ಹೋದ್ರಲ್ಲ, ಅವತ್ತು? ಅರ್ಧ ಗಂಟೆ ಇಲ್ಲೇ ನಿಂತಿದ್ದು ಮನೆಗೆ ವಾಪಸ್ ಹೋದೆ.”

ಕರಿಬಸವಯ್ಯ ಮತ್ತೆ ರಸ್ತೆಯ ಅಂಚಿಗೆ ಹೋಗಿ ನಿಂತರು.

“ಸದ್ಯಕ್ಕೆ ಇಪ್ಪತ್ತೊಂದು ಸೆಕೆಂಡ್ ಹಾಕಿದ್ದೀನಿ ಮೇಷ್ಟ್ರೇ. ಇದು ಕೊನೇದು” ಎಂದರು ಗುರುಪ್ರಕಾಶ್.

ಹಸಿರು ಬಂತು. ಕರಿಬಸವಯ್ಯ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟರು. ಆಚೆ ಬದಿ ಮುಟ್ಟಿ ತಿರುಗಿ ನೋಡಿದರೆ ಸರ್ವಮಂಗಳಮ್ಮ ರಸ್ತೆಯಲ್ಲಿದ್ದರು.

ಊರುಗೋಲು, ಎಡಗಾಲು, ಆಮೇಲೆ ಬಲಗಾಲು. ನಡುರಸ್ತೆಗೆ ಬರುವಷ್ಟರಲ್ಲಿ ಕೆಂಪು ಬಿತ್ತು. ಗುಬ್ಬಿ ಬಸ್ಸು ಹಾರನ್ ಹೊಡೆದು ಮುಂದೆ ಸರಿಯಿತು. ಅದರ ಪಕ್ಕದಿಂದ ಎರಡು ಬೈಕುಗಳು ಆಕೆಯ ಮುಂದೆಯೇ ನುಗ್ಗಿದವು. ಸರ್ವಮಂಗಳಮ್ಮ ನಿಂತುಬಿಟ್ಟರು. ಸೆರಗು ಗಾಳಿಗೆ ಹಾರಿತು.

ಕರಿಬಸವಯ್ಯ ಓಡಿ ಬಂದು ಬಸ್ಸಿನ ಎದುರು ಕೈ ಎತ್ತಿದರು. ಬಸ್ಸು ಒಂದು ಮಾರು ದೂರದಲ್ಲಿ ನಿಂತಿತು.

“ಸಾಯೋಕೆ ನಮ್ ಬಸ್ಸೇ ಬೇಕಿತ್ತೇನಜ್ಜ?” ಡ್ರೈವರ್ ತಲೆ ಹೊರಗೆ ಹಾಕಿ ಕೇಳಿದ.

ಕರಿಬಸವಯ್ಯ ಅತ್ತ ನೋಡಲಿಲ್ಲ. ಹೆಂಡತಿಯ ಕೈ ಹಿಡಿಯಲು ಹೋದರು. ಆಕೆ ಕೊಸರಿಕೊಂಡರು.

“ಹಿಡೀಬೇಡಿ. ಅವ್ರು ಟೈಮ್ ನೋಡ್ತವ್ರೆ.”

ಉಳಿದ ಅರ್ಧ ರಸ್ತೆಯನ್ನು ಕರಿಬಸವಯ್ಯ ಆಕೆಯ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು. ಗುರುಪ್ರಕಾಶ್ ವಾಚ್ ನಿಲ್ಲಿಸಿದಾಗ ನಲವತ್ತಾರು ಸೆಕೆಂಡ್ ಆಗಿತ್ತು.

“ನಂದು ಮೂರೂ ಹೊಡೆದಾಕಿ ಸರ್. ಇವಳದನ್ನ ಬರ್ಕೊಳ್ಳಿ” ಎಂದರು ಕರಿಬಸವಯ್ಯ.

“ಒಂದೇ ಸಲದ್ದು ಬರೆದ್ರೆ ಒಪ್ಪಲ್ಲ ಮೇಷ್ಟ್ರೇ. ಒಬ್ಬರದೇ ಮೂರು ಬೇಕು.”

ಸರ್ವಮಂಗಳಮ್ಮ ಉಸಿರು ತೆಗೆದುಕೊಂಡು ಮತ್ತೆ ರಸ್ತೆಯತ್ತ ತಿರುಗಿದರು.

“ಇನ್ನೆರಡು ತಾನೆ? ಈ ಸಲ ಬಸ್ಸುಗಳ್ನ ನೀವ್ ಹಿಡ್ಕೊಳ್ಳಿ.”