ಅಂಗಾಲಿಗೆ ಕೇಳಿಸದ ಗಾಡಿ

ಹೊಸ ಕಾರುಗಳಲ್ಲಿ ಹುಳುಕು ಹುಡುಕುವುದೇ ನನ್ನ ಕೆಲಸ. ಬ್ರೇಕು, ಬೆಲ್ಟು, ಎಚ್ಚರಿಕೆಯ ಸದ್ದು, ಎಲ್ಲಕ್ಕೂ ಅಂಕ ಕೊಡಬೇಕು. ಕಚೇರಿಯಲ್ಲಿ ನನ್ನನ್ನು ತಕರಾರು ಮೇಡಂ ಎನ್ನುತ್ತಾರೆ. ಅನ್ನಲಿ ಬಿಡಿ. ಆದರೆ ಈ ಸಲ ಬಂದ ಹೈಬ್ರಿಡ್ ಕಾರಿನಲ್ಲಿ ನನಗೂ ತಕರಾರು ಸಿಕ್ಕಿರಲಿಲ್ಲ. ಕಾರು ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ, ಸ್ವಲ್ಪ ಹೊತ್ತು ಎಂಜಿನ್ನಿನಲ್ಲಿ ಓಡುವ ಗಾಡಿ. ಇದೇ ಮಾದರಿಯ ಇನ್ನೊಂದನ್ನು ಪರೀಕ್ಷೆಗೆಂದು ಗೋಡೆಗೆ ಗುದ್ದಿಸಿದಾಗ ಒಳಗಿದ್ದ ಗೊಂಬೆಗಳ ಕೂದಲೂ ಕೊಂಕಲಿಲ್ಲ. ಗೊಂಬೆಗಳಿಗೆ ಕೂದಲಿಲ್ಲ, ಇದ್ದಿದ್ದರೂ ಕೊಂಕುತ್ತಿರಲಿಲ್ಲ.

ಕೊನೆಯ ಹಂತದ ರಸ್ತೆ ಪರೀಕ್ಷೆಗೆಂದು ಕಾರು ನನ್ನ ಕೈಗೆ ಬಂದಾಗ ಅಪ್ಪನಿಗೆ ತೋರಿಸಲು ಮನೆಗೆ ಓಡಿಸಿಕೊಂಡು ಬಂದೆ. ಬಸ್ಸು ಓಡಿಸಿ ನಿವೃತ್ತರಾದ ಅಪ್ಪ, ಕೊಂಡರೆ ಇದನ್ನೇ ಎಂದು ಹಟ ಹಿಡಿದಿದ್ದರು. ನಾನು ಹೂಂ ಎಂದರೆ ಕೊಳ್ಳುವುದು, ಊಹೂಂ ಎಂದರೆ ಸ್ಟಿಯರಿಂಗ್ ಮುಟ್ಟುವುದನ್ನೇ ಬಿಡುವುದು. ಹಾಗೆಂದು ಮಾತು ಕೊಟ್ಟವರು ಅವರೇ.

“ಬೇಡ ಅಂದ್ಬಿಡಬೇಡ ಕಣೆ,” ಅಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. “ಗಾಡಿ ಬಿಟ್ರೆ ಆ ಮನುಷ್ಯ ಮೂಲೆ ಹಿಡೀತಾರೆ.”

“ಪಿಸುಗುಟ್ಟೋದ್ಯಾಕಮ್ಮ? ಕಿರುಚಿದ್ರೂ ಅವರಿಗೆ ಕೇಳಲ್ಲ.”

ನಿಜವೇ. ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನು ಅಪ್ಪ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಕೇಳಿದರೆ ಒಂದೇ ಉತ್ತರ: “ಡ್ರೈವರ್‌ಗೆ ಕಿವಿ ಇರೋದು ಅಂಗಾಲಲ್ಲಿ. ಎಂಜಿನ್ ಏನು ಹೇಳ್ತಿದೆ ಅಂತ ನನ್ನ ಕಾಲಿಗೆ ಗೊತ್ತಾಗುತ್ತೆ.” ಹೇಳಿ ಹೇಳಿ ನಮ್ಮ ಬಾಯಿ ಒಣಗಿತ್ತೇ ಹೊರತು ಆ ಯಂತ್ರ ಜೇಬು ಬಿಟ್ಟು ಬಂದಿರಲಿಲ್ಲ.

ಅಪ್ಪ ಆ ಕಾರು ಓಡಿಸಿದ್ದು ಮಾತ್ರ, ಆಹಾ! ತಿರುವುಗಳಲ್ಲಿ, ಪಕ್ಕದಲ್ಲಿ ಕೂತಿದ್ದ ನನ್ನ ಮಡಿಲಲ್ಲಿದ್ದ ಕನ್ನಡಕವೂ ಜಾರಲಿಲ್ಲ. ಮನೆಯ ಮುಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಪಾದವನ್ನು ಗಾಡಿಯ ನೆಲಕ್ಕೆ ಒತ್ತಿ ನೋಡಿದರು. ಚೂರೂ ಅದುರಲಿಲ್ಲ. “ಆಫ್ ಆಯ್ತು,” ಎಂದು ಇಳಿದೇಬಿಟ್ಟರು.

ಆಫ್ ಆಗಿರಲಿಲ್ಲ. ಬ್ಯಾಟರಿಯ ಮೇಲಿದ್ದ ಗಾಡಿ ಸದ್ದಿಲ್ಲದೆ ನಿಂತಿತ್ತು, ಅಷ್ಟೆ. ಗೇರ್ ಇನ್ನೂ ಮುಂದಕ್ಕೇ ಇತ್ತು. ಬಾಗಿಲು ತೆರೆದೊಡನೆ ಎಚ್ಚರಿಕೆಯ ಸದ್ದು ಕೀಂ ಕೀಂ ಎಂದು ಬಡಿದುಕೊಂಡಿತು. ಅದೇ ಸದ್ದಿಗೆ ಅವತ್ತು ಬೆಳಿಗ್ಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೆ. ಅಪ್ಪ ತಿರುಗಿಯೂ ನೋಡದೆ, ಬಟ್ಟೆ ಹಿಡಿದು ಗಾಡಿಯ ಮುಂದಕ್ಕೆ ಹೋಗಿ ಗಾಜು ಒರೆಸತೊಡಗಿದರು. ಪ್ರತಿ ಟ್ರಿಪ್ ಮುಗಿದ ಮೇಲೂ ಬಸ್ಸಿನ ಗಾಜು ಒರೆಸಿದ ಕೈ ಅದು.

ಅವರನ್ನು ಕಾಯುತ್ತಿದ್ದುದು ಆ ಹ್ಯಾಂಡ್‌ಬ್ರೇಕ್ ಒಂದೇ. ಕೈ ಚಾಚಿ ಗೇರನ್ನು ಪಾರ್ಕಿಂಗ್‌ಗೆ ತಳ್ಳಿದೆ. ಆಫ್ ಮಾಡಲು ಹೋದವಳು ಬೇಕೆಂದೇ ಸುಮ್ಮನೆ ಕೂತೆ. ನಾನು ಹೇಳಿದರೆ ಕೇಳುವ ಜೀವವೇ ಅದು? ಗಾಡಿಯೇ ಹೇಳಲಿ.

ಬ್ಯಾಟರಿ ಇಳಿದಿರಬೇಕು, ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿ ಚಾಲೂ ಆಯಿತು. ಬಾನೆಟ್ ಮೇಲಿದ್ದ ಅಪ್ಪನ ಅಂಗೈ ಅದುರಿತು. ಬೆಚ್ಚಿ ಹಿಂದೆ ಸರಿದವರು ಖಾಲಿ ಸೀಟನ್ನೂ ನನ್ನನ್ನೂ ನೋಡಿದರು. ನಾನು ಎರಡೂ ಕೈ ಮೇಲೆತ್ತಿ, ನಾನಲ್ಲ ಎಂದು ತಲೆಯಾಡಿಸಿದೆ.

ಬಂದು ಸೀಟಿನಲ್ಲಿ ಕೂತರು. “ನಾನಿಳಿದಾಗ ಗೇರಲ್ಲೇ ಇತ್ತಾ?”

ಹೌದೆಂದು ತಲೆಯಾಡಿಸಿದೆ.

ಅಪ್ಪನ ಮುಖ ಚಿಕ್ಕದಾಯಿತು. “ಬೇಡ ಬಿಡು ಮಗಳೇ,” ಎನ್ನುತ್ತ ರಿಮೋಟ್ ಕೀಲಿಯನ್ನು ನನ್ನತ್ತ ಚಾಚಿದರು. “ಗಾಡೀದೇನೂ ತಪ್ಪಿಲ್ಲ. ನನ್ನ ಕಾಲೂ ಕಿವುಡಾಯ್ತು.”

ಗೆದ್ದೆನೆಂದು ಬೀಗಬೇಕಿತ್ತು ನಾನು. ಸಂಕಟವಾಯಿತು. ಕೀಲಿ ತೆಗೆದುಕೊಳ್ಳದೆ ಅವರ ಅಂಗಿಯ ಜೇಬಿನ ಮೇಲೆ ಬೆರಳಿಟ್ಟೆ. ಅಪ್ಪ ಗೊಣಗುತ್ತ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ಬಾಗಿಲು ತೆರೆದೇ ಇದ್ದುದರಿಂದ ಕಾರು ಇನ್ನೂ ಬಡಿದುಕೊಳ್ಳುತ್ತಿತ್ತು.

“ಅಬ್ಬಬ್ಬಾ! ಆಗ್ಲಿಂದ ಇದು ಹೀಗೆ ಕಿರುಚ್ತಾ ಇದ್ಯಾ?”

“ಹೂಂ. ನಾನೂ ಅಮ್ಮನೂ ಅದಕ್ಕಿಂತ ಮುಂಚಿಂದ.”

ಅಪ್ಪ ಗುಂಡಿ ಒತ್ತಿ ಕಾರನ್ನು ಆಫ್ ಮಾಡಿದರು. ಸದ್ದು ನಿಂತಿತು.

“ಇದರಲ್ಲೊಂದು ತಕರಾರು ಸಿಕ್ತಪ್ಪ,” ಎಂದೆ. “ಕಿವಿ ಕೇಳದವರ ಕಣ್ಣಿಗೆ ಬೀಳೋ ಹಾಗೆ ದೊಡ್ಡ ದೀಪ ಬೇಕು. ನಾಳೆ ಅಂಕ ಕಳೀತೀನಿ.”

“ಮತ್ತೆ... ನನ್ನ ವಿಷಯ?”

“ಆ ಯಂತ್ರ ಕಿವಿಯಲ್ಲೇ ಇದ್ರೆ, ಹೂಂ,” ಎಂದೆ, ಬೇಕೆಂದೇ ಮೆಲ್ಲಗೆ. ಅಪ್ಪ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಅಭ್ಯಾಸಬಲದಿಂದ ತನ್ನಷ್ಟಕ್ಕೆ ಗೊಣಗಿದಳು: “ಊಟ ಆರಿ ಹೋಗ್ತಾ ಇದೆ. ಯಾರಿಗೆ ಹೇಳೋದು?”

“ಬಂದೆ ಕಣೆ,” ಎಂದರು ಅಪ್ಪ.

ಅಮ್ಮ ಒಳಗೆ ಹೋಗುವುದನ್ನು ಮರೆತು ಅಲ್ಲೇ ನಿಂತುಬಿಟ್ಟಳು.