ಹೂಂಗುಟ್ಟಲು ಒಬ್ಬರು

ದೆವ್ವಗಳನ್ನು ನಾವು ಮಧ್ಯಾಹ್ನದ ಊಟದ ಹೊತ್ತಿಗೇ ಕರೆಸಬೇಕಾಗಿತ್ತು. ಬೇರೆ ದಾರಿ ಇರಲಿಲ್ಲ. ಪಾಡ್‌ಕಾಸ್ಟ್ ರೆಕಾರ್ಡ್ ಮಾಡುವ ಕೋಣೆ ಇದ್ದದ್ದು ಹಾಸಿಗೆ ಅಂಗಡಿಯ ಮಹಡಿಯಲ್ಲಿ, ಸಂಜೆ ಅಂಗಡಿಗೆ ಬೀಗ ಬಿದ್ದರೆ ಅಲ್ಲಿಗೂ ಬೀಗ. ಕೆಳಗೆ ಹತ್ತಿ ಹಿಂಜುವ ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೂ ಗುರ್ ಅನ್ನುತ್ತಿತ್ತು. ಅದು ಬಾಯಿ ಮುಚ್ಚುತ್ತಿದ್ದದ್ದು ಅಂಗಡಿಯವರು ಬಾಯಿ ತೆರೆದಾಗ ಮಾತ್ರ, ಅಂದರೆ ಊಟಕ್ಕೆ ಕೂತಾಗ. ಅವರು ಕೈತೊಳೆದು ಏಳುವುದರೊಳಗೆ ಸತ್ತವರು ಎದ್ದು ಬಂದು, ಹೆದರಿಸಿ, ತಮ್ಮ ಪಾಡಿಗೆ ತಾವು ಹೋಗಿಬಿಡಬೇಕು.

ಸದ್ದು ಹೀರಲಿ ಎಂದು ಗೋಡೆಗಳಿಗೆಲ್ಲ ಮಾರಾಟವಾಗದೆ ಉಳಿದ ಹಾಸಿಗೆಗಳನ್ನು ಒರಗಿಸಿದ್ದರು. ಒಂದರ ಮೇಲೆ ಗುಲಾಬಿ ಹೂ, ಇನ್ನೊಂದರ ಮೇಲೆ ಆನೆಮರಿ. ಫ್ಯಾನ್ ಹಾಕುವಂತಿಲ್ಲ, ಮೈಕಿಗೆ ಕೇಳಿಸುತ್ತದೆ. ಹೀಗಾಗಿ ಕೇಳುವವರಿಗೆ ನಡುಕ ಹುಟ್ಟಿಸುವ ಮಾತುಗಳನ್ನು ನಾವು ಬೆವರು ಒರೆಸಿಕೊಳ್ಳುತ್ತ ಆಡುತ್ತಿದ್ದೆವು.

ಕಾರ್ಯಕ್ರಮ ನಡೆಸುತ್ತಿದ್ದವರನ್ನು ಎಲ್ಲರೂ ಗುಡುಗು ಸರ್ ಅನ್ನುತ್ತಿದ್ದರು. ನೀರು ಬೇಕು ಎಂದು ಮೆಲ್ಲಗೆ ಕೇಳಿದರೂ ಕಿಟಕಿಯ ಗಾಜು ಅದುರುವ ಕಂಠ ಅವರದು. ಧ್ವನಿಯ ಕೆಲಸ ನೋಡಿಕೊಳ್ಳುತ್ತಿದ್ದವರು ಸೌಂಡಕ್ಕ. ಅವರ ಕಿವಿಯಿಂದ ಹೆಡ್‌ಫೋನ್ ಇಳಿದದ್ದನ್ನು ನಾನಿನ್ನೂ ನೋಡಿರಲಿಲ್ಲ. ಅವರಿಗೆ ಏನು ಹೇಳಿದರೂ ಎರಡೆರಡು ಸಲ ಹೇಳಬೇಕು. ನಾನು ಅತಿಥಿ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಮನಸ್ಸು ಮಾತ್ರ ಸದಾ ಯಾವುದೋ ಪಾಳುಮನೆಯ ಮೆಟ್ಟಿಲ ಮೇಲೆ. ಹಾರರ್ ಸಿನಿಮಾ ಒಂದನ್ನೂ ಬಿಟ್ಟವಳಲ್ಲ. ಅಲ್ಲಿ ಇಲ್ಲಿ ಕೆಲವು ಪಾಡ್‌ಕಾಸ್ಟ್‌ಗಳಿಗೆ ಹೋಗಿ ಆ ಸಿನಿಮಾಗಳ ವಿಮರ್ಶೆ ಮಾಡಿದ್ದೆ. ಅಲ್ಲೆಲ್ಲ ನಡೆಸುವವರು ಎದುರಿಗೆ ಕೂತು "ಹೌದಾ", "ಆಮೇಲೆ" ಅನ್ನುತ್ತಿದ್ದರು, ನನ್ನ ಮಾತು ಹೊಳೆಯಂತೆ ಹರಿಯುತ್ತಿತ್ತು. ಅದನ್ನು ಕೇಳಿಯೇ ಗುಡುಗು ಸರ್ ಕರೆದಿದ್ದರು. ಪ್ರತಿ ವಾರ ಹಾರರ್ ಸಿನಿಮಾ ವಿಮರ್ಶೆಗೆ ಅವರಿಗೆ ಒಬ್ಬರು ಕಾಯಂ ಬೇಕಾಗಿತ್ತು. ಆ ಕುರ್ಚಿಯ ಮೇಲೆ ನನಗೆಷ್ಟು ಆಸೆಯಿತ್ತೆಂದರೆ, ಗಿರಾಕಿಗಳ ಕಣ್ಣು ಪರೀಕ್ಷಿಸಲು ತೂಗುಹಾಕಿದ ಅಕ್ಷರದ ಪಟದಲ್ಲೂ "ಹಾರರ್" ಎಂದೇ ಕಾಣುತ್ತಿತ್ತು.

ಆದರೆ ಗುಡುಗು ಸರ್ ಪದ್ಧತಿ ಬೇರೆ. ವಿಮರ್ಶೆ ಮಾಡುವವರು ಒಬ್ಬರೇ ಮಾತಾಡಬೇಕು. "ಆ ಹೊತ್ತಲ್ಲಿ ಯಾರೂ ಕೆಮ್ಮೋ ಹಾಗಿಲ್ಲ, ಕುರ್ಚಿ ಎಳೆಯೋ ಹಾಗಿಲ್ಲ. ಕೇಳೋರ ಕಿವೀಲಿ ನಿನ್ನ ದನಿ ಒಂದೇ ಇರ್ಬೇಕು," ಎಂದರು.

ಮೊದಲ ಸಲ ಒಂದು ಈಜುಕೊಳದ ಸಿನಿಮಾ. ಮೈಕಿನ ಹತ್ತಿರ ಬಾಗಿ ಶುರು ಮಾಡಿದೆ. "ಕೊಳದ ನೀರು ಬತ್ತಿ ವರ್ಷವಾಗಿದೆ. ಆದರೂ ಬೆಳಗಾದರೆ ಅದರ ಅಂಚಿನಲ್ಲಿ ಒದ್ದೆ ಹೆಜ್ಜೆಗಳು." ಅಷ್ಟು ಹೇಳಿ ನಿಂತೆ.

ಯಾರೂ ಏನೂ ಅನ್ನಲಿಲ್ಲ. ಗುಡುಗು ಸರ್ ಉಸಿರು ಬಿಗಿಹಿಡಿದು ಕೂತಿದ್ದರು. ಆನೆಮರಿಯೂ ಸುಮ್ಮನಿತ್ತು. ಸೌಂಡಕ್ಕ ಕೈ ಬೀಸಿ ಮುಂದೆ, ಮುಂದೆ ಎಂದು ಸನ್ನೆ ಮಾಡಿದರು. ಇನ್ನೊಂದು ವಾಕ್ಯ ಹೇಳಿದೆ. ಮತ್ತೆ ನಿಂತೆ. ನಾನಾಗಿ ನಿಲ್ಲಿಸುತ್ತಿರಲಿಲ್ಲ, ಗಂಟಲೇ ಯಾರಿಗೋ ಕಾಯುತ್ತಿತ್ತು.

ಮುಗಿದ ಮೇಲೆ ಗುಡುಗು ಸರ್ ತಲೆ ಮೇಲೆ ಕೈ ಹೊತ್ತುಕೊಂಡರು. "ಏನಮ್ಮಾ ಇದು? ದೆವ್ವ ಪಾಪ ಬಾಗಿಲಲ್ಲಿ ನಿಂತಿದೆ, ನೀನು ಒಳಗೆ ಬಾ ಅಂತಾನೇ ಹೇಳ್ತಿಲ್ಲ."

"ಮೊಬೈಲ್ ಸಿಗ್ನಲ್ ಹೋಗಿ ಬಂದ ಹಾಗಿದೆ," ಎಂದರು ಸೌಂಡಕ್ಕ. "ಖಾಲಿ ಜಾಗ ಎಲ್ಲ ಕತ್ತರಿಸಿದ್ರೆ ನಮಸ್ಕಾರ, ಧನ್ಯವಾದ ಎರಡೇ ಉಳಿಯೋದು."

"ಮುಂದಿನ ವಾರ ಇನ್ನೊಂದು ಸಲ ನೋಡೋಣ," ಎಂದರು ಗುಡುಗು ಸರ್. "ಸರಿಹೋದ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ಇನ್ನೊಬ್ಬ ಇದಾನೆ, ಉಸಿರೇ ತಗೊಳ್ದೆ ಮಾತಾಡ್ತಾನೆ. ಏನು ಹೇಳ್ತಿದಾನೆ ಅಂತ ಗೊತ್ತಾಗಲ್ಲ, ಆದ್ರೆ ನಿಲ್ಲಿಸಲ್ಲ."

ಮನೆಗೆ ಬಂದು ಅಜ್ಜಿಯ ಮುಂದೆ ಗೋಳು ತೋಡಿಕೊಂಡೆ. ಅಜ್ಜಿ ಒಗೆದ ಬಟ್ಟೆ ಮಡಚುತ್ತಿದ್ದಳು.

"ಎದುರಿಗಿದ್ದೋರು ಯಾರೂ ಹೂಂ ಅನ್ಲಿಲ್ವಾ?"

"ಅನ್ನೋ ಹಾಗಿಲ್ಲ ಅಜ್ಜಿ. ಮೈಕಿಗೆ ಕೇಳಿಸುತ್ತೆ."

"ಮತ್ತೆ ಗೋಡೆಗೆ ಕಥೆ ಹೇಳಿ ಬಂದ್ಯಾ?"

"ಗೋಡೆಗಲ್ಲ, ಹಾಸಿಗೆಗೆ."

"ಹಾಸಿಗೆ ಪಾಪ ಏನು ಮಾಡುತ್ತೆ, ನಿದ್ದೆ ಬರ್ಸುತ್ತೆ."

ನನ್ನ ರೋಗ ಯಾವುದೆಂದು ಆಗ ತಿಳಿಯಿತು. ನಾನು ಬೆಳೆದದ್ದೇ ಅಜ್ಜಿಯ ಕಥೆಗಳಲ್ಲಿ, ಮತ್ತು ಅವಳ ಕಾನೂನು ಒಂದೇ: ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ಬಂದರೆ ಕಥೆ ಒಂದು ಹೆಜ್ಜೆ ಇಡುತ್ತದೆ. ಬರದಿದ್ದರೆ ಕೇಳುವವರಿಗೆ ನಿದ್ದೆ ಬಂತೆಂದು ಅರ್ಥ. ರಾಕ್ಷಸ ಎತ್ತಿದ ಕಾಲನ್ನು ಎತ್ತಿಕೊಂಡೇ ಮಾರನೆಯ ದಿನದವರೆಗೆ ನಿಲ್ಲಬೇಕು. ನಾನು ದೊಡ್ಡವಳಾದ ಮೇಲೆ ಜಾಗ ಅದಲುಬದಲಾಯಿತು. ನೋಡಿ ಬಂದ ಸಿನಿಮಾಗಳನ್ನೆಲ್ಲ ನಾನು ಹೇಳುತ್ತಿದ್ದೆ, ಹೂಂ ಅವಳದು. ತಾನಾಗಿ ಅವಳು ಒಂದು ಹಾರರ್ ಸಿನಿಮಾವನ್ನೂ ನೋಡಿದವಳಲ್ಲ. "ಅವರೇ ಎಲ್ಲ ತೋರ್ಸಿಬಿಟ್ರೆ ನಾನೇನು ನೋಡ್ಲಿ?" ಅನ್ನುತ್ತಿದ್ದಳು.

ಒಂದು ಉಪಾಯ ಹೊಳೆಯಿತು. ಅಜ್ಜಿಯಿಂದ ಒಂದಷ್ಟು ಹೂಂ ಹೇಳಿಸಿ ಮೊಬೈಲಿನಲ್ಲಿ ಹಿಡಿದಿಟ್ಟೆ. ಅದನ್ನು ಕಿವಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಅಭ್ಯಾಸಕ್ಕೆ ನಿಂತೆ. ಕೊಲೆಯಾಗುವ ಕಡೆ ಉಲ್ಲಾಸದ ಹೂಂ ಬಂತು. ನಾಯಕಿ ಹಲ್ಲುಜ್ಜುವ ಕಡೆ ಎದೆ ಒಡೆದ ಹೂಂ. ನಗು ತಡೆಯಲಾಗದೆ ಸಿಂಕಿನ ಮೇಲೆ ಬಗ್ಗಿಬಿಟ್ಟೆ. ಅಜ್ಜಿ ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗೆ ಹಾಕಿಕೊಂಡು ಕೇಳಿ ಮುಖ ಸಿಂಡರಿಸಿದಳು.

"ಇದು ನನ್ನ ಹೂಂ ಅಲ್ಲ ಪುಟ್ಟಿ, ಅದರ ಹೆಣ. ನಾನೇ ಬರ್ತೀನಿ ನಡಿ."

ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಅಜ್ಜಿ ಮಹಡಿ ಹತ್ತಿ ಬಂದಾಗ ಗುಡುಗು ಸರ್ ಹುಬ್ಬು ಮೇಲೇರಿತು. ನಾನು ವಿಷಯ ವಿವರಿಸಿದೆ.

"ಕೂತ್ಕೊಳ್ಳಿ ಅಮ್ಮಾ, ಬೇಡ ಅನ್ನಲ್ಲ. ಆದ್ರೆ ಸದ್ದು ಮಾತ್ರ ಬರಬಾರ್ದು."

"ಬಾಯಿ ಬಿಡಲ್ಲಪ್ಪ. ತಲೆ ಆಡಿಸ್ತೀನಿ, ಅವಳಿಗೆ ಅಷ್ಟು ಸಾಕು," ಎಂದಳು ಅಜ್ಜಿ. ಗುಲಾಬಿ ಹಾಸಿಗೆಯನ್ನು ಒಮ್ಮೆ ಅಮುಕಿ ನೋಡಿ, ಹತ್ತಿ ಸಾಲದು ಎಂದು ತೀರ್ಪು ಕೊಟ್ಟು, ನನ್ನ ಎದುರಿಗೆ ಕೂತಳು.

ಆ ವಾರದ ಸಿನಿಮಾದಲ್ಲಿ ಪಿಯಾನೋ ಶ್ರುತಿ ಸರಿಮಾಡುವ ಹೆಂಗಸೊಬ್ಬಳು ಹಳೆಯ ಮನೆಗೆ ಬರುತ್ತಾಳೆ. ಒಂದು ಸ್ವರ ಎಷ್ಟು ಬಿಗಿದರೂ ಸರಿ ಕೂರುವುದಿಲ್ಲ. ನಾನು ಹೇಳಿದೆ, ಅಜ್ಜಿ ತಲೆ ಆಡಿಸಿದಳು. ಬೇಸತ್ತು ಆ ತಂತಿಯನ್ನೇ ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಅಜ್ಜಿ ತಲೆ ಆಡಿಸಿದಳು. ನನ್ನ ಗಂಟಲು ಬಿಟ್ಟಿತು. ನಾನು ಆ ಮನೆಯೊಳಗೇ ಇದ್ದೆ, ಧೂಳಿನ ವಾಸನೆ ಮೂಗಿಗೆ ಬರುತ್ತಿತ್ತು.

"ಅವಳಿನ್ನೂ ಬಾಗಿಲು ದಾಟಿಲ್ಲ, ಬೆನ್ನ ಹಿಂದೆ ಅದೇ ಸ್ವರ. ತಂತಿಯೇ ಇಲ್ಲದ ಸ್ವರ."

"ಹೂಂ," ಎಂದಳು ಅಜ್ಜಿ.

ಹೊಟ್ಟೆಯ ಆಳದಿಂದ ಎದ್ದು ಬಂದ, ತಗ್ಗಿದ, ಉದ್ದನೆಯ ಹೂಂ. ಗುಡುಗು ಸರ್ ಮುಷ್ಟಿ ಬಿಗಿಯಿತು. ಅಜ್ಜಿ ನಾಲಿಗೆ ಕಚ್ಚಿಕೊಂಡಳು. ನಾನು ನಿಲ್ಲಿಸುವ ಸ್ಥಿತಿಯಲ್ಲಿರಲಿಲ್ಲ. ದೆವ್ವವನ್ನು ತೋರಿಸದೆ ಬರೀ ಕೇಳಿಸುವುದೇ ಈ ಸಿನಿಮಾದ ಜಾಣತನ ಎಂದೆ. ನಾಯಕಿ ಮತ್ತೆ ಒಳಗೆ ಹೋಗಿ ಪಿಯಾನೋ ಮುಚ್ಚಳ ಎತ್ತುತ್ತಾಳೆ ಎಂದಾಗ ಇನ್ನೊಂದು ಹೂಂ ಬಂತು, ಈ ಸಲ ಅಂಥ ದಡ್ಡಿಗೆ ಹಾಗೇ ಆಗಬೇಕು ಎನ್ನುವ ಧಾಟಿಯಲ್ಲಿ. ಕೊನೆಯಲ್ಲಿ ಸುಮ್ಮಸುಮ್ಮನೆ ಹೊಗೆ ಬಿಟ್ಟು ಕೆಡಿಸಿದ್ದಾರೆ ಎಂದಾಗ ಅಜ್ಜಿ ಲೊಚಗುಟ್ಟಿದಳು.

ನಾನು ಮುಗಿಸುವುದಕ್ಕೂ ಕೆಳಗೆ ಯಂತ್ರ ಶುರುವಾಗುವುದಕ್ಕೂ ಸರಿಹೋಯಿತು. ಇನ್ನೊಂದು ಸಲ ಹೇಳಿಸಲು ಸಮಯವಿರಲಿಲ್ಲ, ಮಾರನೆಯ ಬೆಳಿಗ್ಗೆ ಸಂಚಿಕೆ ಹೊರಡಬೇಕು.

"ಅಳಿಸೋಕಾಗುತ್ತಾ?" ಗುಡುಗು ಸರ್ ಕೇಳಿದರು. ಎರಡನೇ ಸಲ ಕೇಳಿದಾಗ ಸೌಂಡಕ್ಕ ತೋಳು ಮುಂದೆ ಚಾಚಿದರು. ರೋಮ ಎದ್ದು ನಿಂತಿತ್ತು.

"ಇವಳ ಮಾತಿನ ಬಾಲಕ್ಕೇ ಅಂಟ್ಕೊಂಡಿದೆ ಸರ್. ಅದನ್ನ ಕಿತ್ರೆ ಇವಳ ಮಾತೂ ಬರುತ್ತೆ."

ಕುರ್ಚಿ ಕೈಬಿಟ್ಟು ಹೋಯಿತೆಂದೇ ಅಂದುಕೊಂಡೆ. ಮನೆ ಸೇರಿದ ಮೇಲೆ ಅಜ್ಜಿ, "ಆ ತಂತಿ ಇಲ್ದೇ ಇರೋ ಸ್ವರಕ್ಕೆ ಯಾರು ತಾನೇ ಸುಮ್ನಿರ್ತಾರೆ," ಎಂದು ಗೊಣಗಿ, ಮಡಚಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಮಾರನೆಯ ದಿನ ಗಾಜು ಉಜ್ಜುತ್ತಿದ್ದಾಗ ಸೌಂಡಕ್ಕನಿಂದ ಮೆಸೇಜುಗಳು ಒಂದರ ಹಿಂದೊಂದು ಬಂದವು. ಎಲ್ಲ ಕೇಳುಗರು ಬರೆದದ್ದು. ಆ ಹುಡುಗಿಯ ಹಿಂದೆ ಕೂತಿದ್ದು ಯಾರು? ಪಾತ್ರೆ ತೊಳೀತಾ ಕೇಳ್ತಿದ್ದೆ, ತಿರುಗಿ ನೋಡಿದೆ. ನಮ್ಮ ಯಜಮಾನರು ಇಯರ್‌ಫೋನ್ ಕಿತ್ತು ಎಸೆದ್ರು, ಈಗ ನಾನು ಹಾಕ್ಕೊಂಡಿದೀನಿ. ಆ ಮುದುಕಿ ನಿಮಗೂ ಕೇಳ್ಸಿದ್ಳಾ, ನನಗೊಬ್ಬಳಿಗೇನಾ? ಕೊನೆಯದು ಗುಡುಗು ಸರ್ ಅವರದು: ಅಜ್ಜಿನ ಕರ್ಕೊಂಡು ಬಾ, ಮಾತಾಡ್ಬೇಕು.

ಹೋದೆವು. ಗುಡುಗು ಸರ್ ಅಜ್ಜಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ಅಮ್ಮಾ, ಕಾಯಂ ಜಾಗ ನಿಮಗೆ ಅಂತ ತೀರ್ಮಾನ ಮಾಡಿದೀನಿ. ಮೊಮ್ಮಗಳು ಜೊತೆಗೆ ಬರ್ಲಿ. ನೀವು ಯಾರು ಅಂತ ಮಾತ್ರ ಹೇಳೋದು ಬೇಡ, ದೆವ್ವ ಅಂತಾನೇ ತಿಳ್ಕೊಳ್ಲಿ."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲಪ್ಪ, ಊಟ ಬಡಿಸಿದೋಳನ್ನ ಬಿಟ್ಟು ತೇಗಿದೋಳಿಗೆ ಬಹುಮಾನ ಕೊಡ್ತೀಯಲ್ಲ. ಕಥೆ ಅವಳದ್ದು, ಜಾಗ ಅವಳಿಗೇ. ನಾನು ಎದುರಿಗೆ ಕೂರ್ತೀನಿ. ಆಮೇಲೆ, ನಾನಿನ್ನೂ ಉಸಿರಾಡ್ತಿದೀನಿ. ದೆವ್ವ ಅಂದ್ರೆ ನಾಳೆಯಿಂದ ಬರಲ್ಲ. ಇವಳ ಅಜ್ಜಿ ಅಂತ ಹೇಳು."

"ಅಜ್ಜಿ ಅಂದ್ರೆ ಜನ ಹೆದರಲ್ವಲ್ಲ ಅಮ್ಮಾ."

"ನಿಮ್ಮಜ್ಜಿ ನಿನ್ನ ಹೆದರಿಸಿಲ್ಲ ಅಂತ ಕಾಣುತ್ತೆ."

ಸೌಂಡಕ್ಕ ಮೊದಲ ಸಲ ಹೆಡ್‌ಫೋನ್ ಇಳಿಸಿ ನಕ್ಕರು. ಗುಡುಗು ಸರ್ ನನ್ನ ಕಡೆ ತಿರುಗಿ, ದನಿ ತಗ್ಗಿಸಲು ಪ್ರಯತ್ನಿಸಿ ಸೋತು, "ಪ್ರತಿ ವಾರ ಊಟದ ಹೊತ್ತಿಗೆ ಬಾ. ತಡ ಮಾಡ್ಬೇಡ," ಎಂದರು. ಕೆಳಗೆ ಊಟ ಮಾಡುತ್ತಿದ್ದವರೂ ಸರಿ ಎಂದಿರಬೇಕು.

ಒಂದೇ ಒಂದು ತೊಂದರೆ ಉಳಿಯಿತು. ಹೂಂ ಹಸಿಯಾಗಿರಬೇಕಾದರೆ ಅಜ್ಜಿಗೆ ಕಥೆ ಮೊದಲೇ ತಿಳಿದಿರಬಾರದು. ಹಾಗಾಗಿ ಈಗ ನಾನು ಸಿನಿಮಾ ನೋಡಿ ಬಂದು ಮನೆಯಲ್ಲಿ ಬಾಯಿ ಹೊಲಿದುಕೊಂಡು ಓಡಾಡುತ್ತೇನೆ, ಅಜ್ಜಿ ಹಿಂದೆ ಹಿಂದೆ. ಇವತ್ತು ರೆಕಾರ್ಡಿಂಗ್‌ಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟಳು. ಹುಟ್ಟಿದಾರಭ್ಯ ಕೊಟ್ಟವಳಲ್ಲ.

"ಪೂರ್ತಿ ಬೇಡ," ಎಂದಳು ಕಿವಿಯ ಹತ್ತಿರ ಬಾಗಿ. "ಆ ಮನೇಲಿ ಮಕ್ಕಳಿದ್ರಾ ಅಷ್ಟು ಹೇಳು."

"ಹೇಳಲ್ಲ ಅಜ್ಜಿ."

"ಇದ್ರು ಅಂತಾಯ್ತು," ಎಂದು ಅವಳು ನೆಟ್ಟಗೆ ಕೂತು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.